ಗದ್ದೆಗಿಳಿಯುವ ಕಾಲು

(ಬಾನುಲಿ ಭಾಷಣ)



ನಮ್ಮ ನಾಡಿನಲ್ಲಿ ವೀರಗಲ್ಲಿಲ್ಲದ ಸೀಮೆ ಅಪರೂಪ. ಕೆರೆಯ ಏರಿಯ ಮೇಲೋ, ಹನುಮಂತರಾಯನ ಗುಡಿಯ ಹಿಂದೋ, ಊರಬಾಗಿಲ ಬೇವಿನ ಮರದ ಬುಡದಲ್ಲೋ ಅಂಥದೊಂದು ಕಲ್ಲು ಅರ್ಧ ಮಣ್ಣಿನಲ್ಲಿ ಹೂತು ನಿಂತಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ, ನಡುವಣದರಲ್ಲಿ ಮಡಿದ ವೀರನನ್ನು ಇಕ್ಕೆಲಗಳಲ್ಲಿ ಹಿಡಿದು ಮೇಲಕ್ಕೊಯ್ಯುವ ದೇವಕನ್ಯೆಯರು, ಮೇಲಿನದರಲ್ಲಿ ಶಿವಸನ್ನಿಧಿಯನ್ನು ಸೇರಿದ ಅದೇ ವೀರ. ಸತ್ತವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದುದೂ ಉಂಟು. ಅದಕ್ಕೆ ನೆತ್ತರುಗೊಡಗೆ ಎಂಬ ಮಾತು ಶಾಸನಗಳಲ್ಲಿ ದೊರೆಯುತ್ತದೆ. ನೆತ್ತರಿಗೆ ಪ್ರತಿಯಾಗಿ ಕೊಟ್ಟ ನೆಲ ಎಂದು ಅದರ ಅರ್ಥ.

ಈ ಕಲ್ಲುಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷ ನಾನು ವಿದ್ಯಾರ್ಥಿಗಳಿಗೆ ತೋರಿಸಿದ್ದೇನೆ, ವಿವರಿಸಿದ್ದೇನೆ. ಕಾಳಗದಿಂದ ಸ್ವರ್ಗಕ್ಕೆ ಹೋದವನ ಚಿತ್ರ ಅಲ್ಲಿದೆ. ಕಾಳಗದಿಂದ ಮನೆಗೆ ಮರಳಿದವನ, ಒಂದು ಕಾಲನ್ನೋ ಒಂದು ಕೈಯನ್ನೋ ಅಲ್ಲಿಯೇ ಬಿಟ್ಟು ಬಂದವನ ಚಿತ್ರ ಎಲ್ಲಿ ಎಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗಲೂ ಹಾಗೆಯೇ. ತೊಡೆ ಮುರಿದು ಬಿದ್ದ ದುರ್ಯೋಧನನಿಗೆ ಕಾವ್ಯದಲ್ಲಿ ಉಳಿದಿರುವುದು ಮರಣವೊಂದೇ. ಅವನು ಬದುಕಿ ಉಳಿದಿದ್ದರೆ ಮಾರನೆಯ ಬೆಳಗ್ಗೆ ಹಾಸಿಗೆಯಿಂದ ಹೇಗೆ ಏಳುತ್ತಿದ್ದ ಎಂಬ ಪ್ರಶ್ನೆ ಕವಿಗೂ ಬರಲಿಲ್ಲ, ಪಾಠ ಹೇಳಿದ ನನಗೂ ಬರಲಿಲ್ಲ.

ಈ ಪ್ರಶ್ನೆಯನ್ನು ನನಗೆ ಕಲಿಸಿದವನು ನಮ್ಮ ಕತ್ತಲಗೆರೆಯ ಒಬ್ಬ ಮಾಜಿ ಸೈನಿಕ. ಉತ್ತರದ ಗಡಿಯಲ್ಲಿ ನೆಲಬಾಂಬು ಸಿಡಿದು ಅವನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ನಾನು ನಿವೃತ್ತನಾಗಿ ಊರಿಗೆ ಬಂದ ಮೊದಲ ವರ್ಷ, ಆಗಸ್ಟ್ 15ರಂದು, ಶಾಲೆಯ ಧ್ವಜಾರೋಹಣಕ್ಕೆ ಅವನನ್ನೂ ನನ್ನನ್ನೂ ಕರೆದಿದ್ದರು. ನಾನು ಮುಖ್ಯ ಭಾಷಣಕಾರ. ಅವನನ್ನು ಪಕ್ಕದಲ್ಲಿಯೇ ನಿಲ್ಲಿಸಿಕೊಂಡು, ಪಂಪನಿಂದ ಮೊದಲುಮಾಡಿ ಕನ್ನಡದ ವೀರಪರಂಪರೆಯನ್ನೆಲ್ಲ ನಲವತ್ತು ನಿಮಿಷ ಬಣ್ಣಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಕದಲದೆ ನಿಂತಿದ್ದ. ಸಂಜೆ ಅವನ ಮನೆಯ ಜಗಲಿಗೆ ಹೋದೆ. ಕಟ್ಟಿದ ಬಟ್ಟೆಯನ್ನು ಬಿಚ್ಚಿ ಮೋಟುಗಾಲಿಗೆ ಕೊಬ್ಬರಿಎಣ್ಣೆ ಸವರಿಕೊಳ್ಳುತ್ತಿದ್ದ; ಚರ್ಮ ಕಿತ್ತು ಕೆಂಪಾಗಿತ್ತು. “ಏನಪ್ಪಾ ಇದು?” ಎಂದೆ. ಅವನು ನಕ್ಕು, “ಭಾಷಣ ಚೆನ್ನಾಗಿತ್ತು ಮೇಷ್ಟ್ರೇ. ಒಂದು ಕುರ್ಚಿ ಹಾಕಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು” ಎಂದ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ನನ್ನೊಳಗೆ ಉಳಿಯಿತು. ಗಾಯಗೊಂಡ ಯೋಧರು ಮರಳಿ ಬದುಕು ಕಟ್ಟಿಕೊಳ್ಳುವುದಕ್ಕಾಗಿ ಲೋಕದಲ್ಲಿ ನಡೆದಿರುವ ಸಂಶೋಧನೆಯನ್ನು ಕುರಿತು ನಾನು ಓದತೊಡಗಿದ್ದು ಆ ಸಂಜೆಯಿಂದ. ನಾನು ವೈದ್ಯನಲ್ಲ, ಎಂಜಿನಿಯರನೂ ಅಲ್ಲ. ಓದಿ ತಿಳಿದುದನ್ನೂ ಊರಿನಲ್ಲಿ ಕಂಡುದನ್ನೂ ತಮ್ಮ ಮುಂದಿಡುತ್ತೇನೆ.

ಮೊದಲು ಪದದ ಮಾತು. ಇಂಥ ಕಾರ್ಯಕ್ಕೆ ನಾವು ಪುನರ್ವಸತಿ ಎನ್ನುತ್ತೇವೆ. ಭದ್ರಾ ಸೀಮೆಯವರಾದ ನಮಗೆ ಆ ಪದ ಕೇಳಿದೊಡನೆ ನೆನಪಾಗುವುದು ಅಣೆಕಟ್ಟಿನಲ್ಲಿ ಮುಳುಗಿದ ಹಳ್ಳಿಗಳು, ಅಲ್ಲಿಂದ ಎದ್ದುಬಂದವರಿಗೆ ಕೊಟ್ಟ ನಿವೇಶನಗಳು. ಮನೆ ಕಳೆದುಕೊಂಡವನಿಗೆ ಬೇರೆಡೆ ಮನೆ ಕೊಡಬಹುದು. ಗಾಯಾಳುವಿನದು ಅಂಥ ಸ್ಥಿತಿಯಲ್ಲ. ಅವನು ತನ್ನ ಮನೆಯಲ್ಲಿಯೇ, ತನ್ನ ಮೈಯಲ್ಲಿಯೇ ಮತ್ತೊಮ್ಮೆ ಒಕ್ಕಲಾಗಬೇಕು. ಹಳೆಯ ಹೊಸ್ತಿಲನ್ನು ಹೊಸ ಕಾಲಿನಿಂದ ದಾಟಬೇಕು.

ಈ ಆಸೆ ಬಹು ಪುರಾತನವಾದುದು. ಯುದ್ಧದಲ್ಲಿ ಕಾಲು ಕಡಿದುಹೋದ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಇತ್ತರೆಂದು ಋಗ್ವೇದದಲ್ಲಿ ಉಲ್ಲೇಖವಿದೆ. ದೇವತೆಗಳಿಗೆ ಸಾಧ್ಯವಾದುದು ಮನುಷ್ಯನಿಗೆ ಸಾಧ್ಯವಾಗಲು ಬಹುಕಾಲ ಬೇಕಾಯಿತು. 16ನೆಯ ಶತಮಾನದಲ್ಲಿ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ, ಕತ್ತರಿಸಿದ ಅಂಗದ ರಕ್ತನಾಳಗಳನ್ನು ಸುಡುವುದರ ಬದಲು ದಾರದಿಂದ ಕಟ್ಟುವ ಕ್ರಮವನ್ನು ಬಳಕೆಗೆ ತಂದ. ಕೀಲುಗಳುಳ್ಳ ಕೃತಕ ಕೈಕಾಲುಗಳನ್ನೂ ರೂಪಿಸಿದ. ಜೀವ ಉಳಿಸಿದ ವೈದ್ಯನೇ ಮುಂದಿನ ಬದುಕನ್ನೂ ಯೋಚಿಸಿದುದು ಅಲ್ಲಿ ಮುಖ್ಯವಾದ ಸಂಗತಿ.

ಜೀವ ಉಳಿದ ಮೇಲೆ ಮುಂದೇನು ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳಲ್ಲಿ ಅತಿ ದೊಡ್ಡದಾಯಿತು. ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರ ಸ್ಥಿತಿಯನ್ನು ನೋಡಿ. ಅವರಲ್ಲಿ ಹೆಚ್ಚಿನವರು ಗಾಯದಿಂದಲ್ಲ, ಹಾಸಿಗೆಹುಣ್ಣಿನಿಂದಲೂ ಮೂತ್ರಕೋಶದ ಸೋಂಕಿನಿಂದಲೂ ಸಾಯುತ್ತಿದ್ದರು. ಹಿಟ್ಲರನ ಜರ್ಮನಿಯಿಂದ 1939ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ ನರತಜ್ಞ ಲುಡ್‌ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗವನ್ನು ವಹಿಸಿಕೊಂಡರು. ಅವರು ಮೊದಲು ಮಾಡಿದ್ದು ಅತಿ ಸರಳವಾದ ಕೆಲಸ. ರೋಗಿಯನ್ನು ಹಗಲೂ ಇರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸುವುದು. ಆಮೇಲೆ ಅವರನ್ನು ಕೂರಿಸಿದರು, ಕೆಲಸ ಕಲಿಸಿದರು, ಆಟಕ್ಕೆ ಇಳಿಸಿದರು. 1948ರ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ವಿದ್ಯೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದ ಬೀಜ ಅದು.

ಆ ಬೀಜದ ಫಲವೊಂದು ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಗೂ ಬಂದಿತು. ಅಲ್ಲಿಯ ಮುರಳೀಕಾಂತ್ ಪೇಟ್ಕರ್ ಸೇನೆಯಲ್ಲಿದ್ದು 1965ರ ಯುದ್ಧದಲ್ಲಿ ಗುಂಡೇಟು ತಿಂದವರು. ಚಿಕಿತ್ಸೆಯ ಅಂಗವಾಗಿ ನೀರಿಗಿಳಿದ ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗೆದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪ ಅವರದು ಇನ್ನೊಂದು ದಾರಿ. 1999ರ ಕಾರ್ಗಿಲ್ ಯುದ್ಧದಲ್ಲಿ, ಪಾಯಿಂಟ್ 4875 ಎಂಬ ಶಿಖರದ ಕಾಳಗದಲ್ಲಿ ಕೈಬಾಂಬು ಸಿಡಿದು ಅವರ ಕಾಲುಗಳು ಜರ್ಝರಿತವಾದವು. ಬಹುಕಾಲ ಆಸ್ಪತ್ರೆಯಲ್ಲಿದ್ದು, ಸೇನೆಯಿಂದ ಹೊರಬಂದು, ಮತ್ತೆ ಪರೀಕ್ಷೆಗೆ ಕುಳಿತು ಎಂಜಿನಿಯರಿಂಗ್ ಸೇವೆಗೆ ಸೇರಿದರು. ಪದಕದಷ್ಟೇ ದೊಡ್ಡದು ಈ ಎರಡನೆಯ ಪರೀಕ್ಷೆ ಎಂದು ನನ್ನ ಎಣಿಕೆ.

ಭಾರತದಲ್ಲಿ ಈ ಕಾರ್ಯದ ಹಳೆಯ ನೆಲೆ ಪುಣೆ ಮತ್ತು ಅದರ ಮಗ್ಗುಲಿನ ಖಡಕಿ. ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರಿ ತಾಂತ್ರಿಕ ಶಾಲೆ ಅನಂತರ ಖಡಕಿಯಲ್ಲಿ ನೆಲೆಗೊಂಡಿತು. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಪುಣೆಯಲ್ಲಿ ಸೇನೆಯ ಕೃತಕ ಅವಯವ ಕೇಂದ್ರ ಸ್ಥಾಪನೆಯಾಯಿತು. ಮುಂದೆ ಅದರ ಬಾಗಿಲು ನಾಗರಿಕರಿಗೂ ತೆರೆಯಿತು. ಬೆನ್ನುಹುರಿಯ ಗಾಯಾಳು ಸೈನಿಕರಿಗೆಂದೇ ಖಡಕಿಯಲ್ಲಿ 1974ರಲ್ಲಿ ಪುನರ್ವಸತಿ ಕೇಂದ್ರವೊಂದು ಬಂದಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಸಂಬಂಧವಾದ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವೇ ಉಂಟು. ಯುದ್ಧಕ್ಕೆಂದು ಹುಟ್ಟಿದ ಅರಿವು ರಸ್ತೆಯ ಅಪಘಾತದಲ್ಲಿ ಬಿದ್ದವನಿಗೂ, ಅಡಕೆಯ ಮರದಿಂದ ಜಾರಿದವನಿಗೂ ಈ ರೀತಿ ಸಲ್ಲುತ್ತ ಬಂದಿದೆ.

ಈಗ ಕಾಲಿನ ಕಥೆಗೆ ಬರೋಣ. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಅಮೆರಿಕದಲ್ಲಿ ಅಂಗ ಕಳೆದುಕೊಂಡ ಸಹಸ್ರಾರು ಸೈನಿಕರು ಮರಳಿದ್ದರು. ಅವರಿಗೆ ದೊರೆಯುತ್ತಿದ್ದ ಕೃತಕ ಕಾಲುಗಳು ಭಾರವಾದವು, ನೋವು ಕೊಡುವಂಥವು. ಅಸಮಾಧಾನ ಬೆಳೆದಾಗ ಸರ್ಕಾರ 1945ರಲ್ಲಿ ವ್ಯವಸ್ಥಿತ ಸಂಶೋಧನೆಗೆ ಕೈಹಾಕಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಈ ಕೆಲಸವನ್ನು ವಹಿಸಿಕೊಂಡವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಶಸ್ತ್ರವೈದ್ಯ ವರ್ನ್ ಇನ್ಮನ್. ಮತ್ತೊಬ್ಬರು ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೊವರ್ಡ್ ಎಬರ್‌ಹಾರ್ಟ್. ಯುದ್ಧಕಾಲದಲ್ಲಿ ವಿಮಾನದ ಓಡುದಾರಿಯ ಬಲವನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಎಬರ್‌ಹಾರ್ಟ್ ಸ್ವತಃ ಒಂದು ಕಾಲನ್ನು ಕಳೆದುಕೊಂಡಿದ್ದರು. ಕಾಲು ಮಾಡುವುದಕ್ಕೆ ಮೊದಲು ಮನುಷ್ಯ ಹೇಗೆ ನಡೆಯುತ್ತಾನೆ ಎಂಬುದನ್ನು ತಿಳಿಯಬೇಕೆಂದು ಇವರು ಹೊರಟರು. ನಡೆಯುವವರ ಚಿತ್ರಗಳನ್ನು ಕ್ಯಾಮರಾದಿಂದ ತೆಗೆದು, ಸೊಂಟ, ಮೊಣಕಾಲು, ಹರಡುಗಳ ಚಲನೆಯನ್ನು ಅಳೆದರು. ಹುಟ್ಟಿದ ಮಗು ವರ್ಷದೊಳಗೆ ಕಲಿಯುವ ನಡಿಗೆಯನ್ನು ಅರ್ಥಮಾಡಿಕೊಳ್ಳಲು ಪಂಡಿತರಿಗೆ ಅನೇಕ ವರ್ಷಗಳೇ ಹಿಡಿದವು.

ಆ ಅಧ್ಯಯನದ ಹಿನ್ನೆಲೆಯಲ್ಲಿ 1950ರ ದಶಕದಲ್ಲಿ ಹೊಸದೊಂದು ಪಾದ ಬಂದಿತು. ಒಳಗೆ ಗಟ್ಟಿಯಾದ ಮರದ ತಿರುಳು, ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರು, ಹರಡಿನಲ್ಲಿ ಕೀಲಿಲ್ಲ. ‘ಸ್ಯಾಚ್’ ಪಾದವೆಂದು ಅದರ ಹೆಸರು. ಬೂಟು ಧರಿಸಿ, ಸಮನೆಲದ ಮೇಲೆ ನಡೆದು, ಕುರ್ಚಿಯ ಮೇಲೆ ಕೂರುವವರಿಗೆ ಅದು ಬಹುಮಟ್ಟಿಗೆ ಒಪ್ಪುವಂಥದು. ಲೋಕದ ನಾನಾ ದೇಶಗಳಿಗೆ ಅದು ಹರಡಿತು.

ನಮ್ಮೂರಿನ ಸೈನಿಕನಿಗೂ ಮೊದಲು ದೊರೆತದ್ದು ಆ ಬಗೆಯ ಕಾಲೇ. ಆದರೆ ಅವನು ಅದನ್ನು ಮದುವೆ ಮುಂಜಿಗಳಿಗೂ ಧ್ವಜಾರೋಹಣಕ್ಕೂ ಮಾತ್ರ ಹಾಕಿಕೊಳ್ಳುತ್ತಿದ್ದ. ಉಳಿದ ದಿನಗಳಲ್ಲಿ ಅದು ಹಳೆಯ ಟವಲಿನಲ್ಲಿ ಸುತ್ತಿ ಅಟ್ಟದ ಮೇಲಿರುತ್ತಿತ್ತು. ಎರಡು ಎಕರೆ ಗದ್ದೆಯನ್ನು ಕೋರಿಗೆ ಕೊಟ್ಟು, ಊರುಗೋಲು ಹಿಡಿದು ಜಗಲಿಯ ಮೇಲೆ ಕುಳಿತಿರುತ್ತಿದ್ದ. ಸರ್ಕಾರ ಇಷ್ಟು ಖರ್ಚುಮಾಡಿ ಕೊಟ್ಟ ಕಾಲನ್ನು ಹೀಗೆ ಇಡಬಹುದೆ ಎಂದು ನಾನು ಬುದ್ಧಿವಾದ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಮೇಷ್ಟ್ರೇ, ಇದು ಬೂಟು ಹಾಕಿಕೊಂಡು ಮೆರವಣಿಗೆಗೆ ಹೋಗುವ ಕಾಲು. ಗದ್ದೆಗಿಳಿಯುವ ಕಾಲಲ್ಲ.”

ಆಮೇಲೆ ಒಂದೊಂದಾಗಿ ಹೇಳಿದ. ಬದುವಿನ ಮೇಲೆ ಪಾದ ಓರೆಯಾಗಿ ಊರಬೇಕು, ಇದು ಊರುವುದಿಲ್ಲ. ನಾಲೆಯ ನೀರು ಬಿಟ್ಟ ಗದ್ದೆಯಲ್ಲಿ ಬೂಟು ಹೂತುಕೊಳ್ಳುತ್ತದೆ. ದೇವರ ಮನೆಗೂ ಅಡುಗೆ ಮನೆಗೂ ಬೂಟು ಹಾಕಿಕೊಂಡು ಹೋಗಲಾಗದು. ಬೂಟು ಕಳಚಿದರೆ ಕಾಲಿನ ಎತ್ತರವೇ ತಪ್ಪುತ್ತದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಾಗದು. ಬಯಲಿಗೆ ಹೋದರೆ ಕುಕ್ಕರಗಾಲಿನಲ್ಲಿ ಕೂರಲಾಗದು. ಇವುಗಳಲ್ಲಿ ಒಂದಾದರೂ ಪ್ರಯೋಗಶಾಲೆಯ ದೋಷವಲ್ಲ. ಆ ಕಾಲನ್ನು ರೂಪಿಸಿದವರ ಎದುರಿಗೆ ಕತ್ತಲಗೆರೆಯ ಗದ್ದೆಯಿರಲಿಲ್ಲ, ಅಷ್ಟೆ.

ಇದೇ ತೊಡಕನ್ನು ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಇಬ್ಬರು ಬಹಳ ಹಿಂದೆಯೇ ಕಂಡಿದ್ದರು. ಒಬ್ಬರು ಮೂಳೆವೈದ್ಯ ಪಿ. ಕೆ. ಸೇಠಿ. ಇನ್ನೊಬ್ಬರು ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ. ಜನ ಅವರನ್ನು ಮಾಸ್ಟರ್‌ಜೀ ಎನ್ನುತ್ತಿದ್ದರು. ಕೊಟ್ಟ ಕಾಲುಗಳನ್ನು ರೋಗಿಗಳು ಮೂಲೆಗೆಸೆದು ಊರುಗೋಲನ್ನೇ ಹಿಡಿಯುವುದು ಏಕೆ ಎಂದು ಅವರು ಯೋಚಿಸಿದರು. ವೈದ್ಯರಲ್ಲಿ ಶರೀರಶಾಸ್ತ್ರವಿತ್ತು, ಕುಶಲಕರ್ಮಿಯಲ್ಲಿ ಕೈಯ ವಿದ್ಯೆಯಿತ್ತು. ಟೈರಿಗೆ ರಬ್ಬರು ಕೂರಿಸುವ ವಿಧಾನವನ್ನು ಅನುಸರಿಸಿ, ಸ್ಪಂಜು ರಬ್ಬರು, ಮರ, ಟೈರಿನ ನೈಲಾನ್ ಎಳೆಗಳನ್ನು ಅಚ್ಚಿನಲ್ಲಿಟ್ಟು ಬೇಯಿಸಿ 1968ರ ಸುಮಾರಿಗೆ ಹೊಸ ಪಾದವನ್ನು ತಯಾರಿಸಿದರು. ಅದಕ್ಕೆ ಬೂಟು ಬೇಕಿಲ್ಲ, ನೀರು ತಾಗಿದರೆ ಕೆಡದು, ಹರಡಿನ ಬಳಿ ಎಲ್ಲ ದಿಕ್ಕಿಗೂ ಬಾಗುತ್ತದೆ, ಕುಕ್ಕರಗಾಲಿನಲ್ಲಿ ಕೂರಬಹುದು. ಬಣ್ಣವೂ ನಮ್ಮ ಮೈಯದೇ. 1975ರಲ್ಲಿ ಜೈಪುರದಲ್ಲಿ ಸ್ಥಾಪನೆಯಾದ ಸೇವಾಸಂಸ್ಥೆಯೊಂದು ಅದನ್ನು ಉಚಿತವಾಗಿ ಹಂಚಿತು. ಅಫ್ಘಾನಿಸ್ತಾನದ ನೆಲಬಾಂಬಿನ ಗಾಯಾಳುಗಳಿಗೂ ಅದು ತಲುಪಿತು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಇದು ನಮ್ಮೂರಿನವರಿಗೆ ಹೊಸ ಪಾಠವಾಗಬಾರದಾಗಿತ್ತು. ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಹೊಸ ಭತ್ತದ ತಳಿ ಅಲ್ಲಿಯ ತಾಕುಗಳಲ್ಲಿ ಎಷ್ಟೇ ಸೊಗಸಾಗಿ ಬೆಳೆಯಲಿ, ರೈತರ ಗದ್ದೆಯಲ್ಲಿ, ಅವರ ನೀರು, ಅವರ ಗೊಬ್ಬರ, ಅವರ ಕೈಯಲ್ಲಿ ಬೆಳೆದು ತೋರಿಸುವವರೆಗೆ ಅದನ್ನು ಯಾರೂ ನೆಚ್ಚುವುದಿಲ್ಲ. ಭತ್ತದ ವಿಷಯದಲ್ಲಿ ನಮಗಿರುವ ಈ ವಿವೇಕ ಮನುಷ್ಯನ ಕಾಲಿನ ವಿಷಯದಲ್ಲಿಯೂ ಇರಬೇಡವೆ? ಗಾಯಾಳುವನ್ನು ಕುರಿತ ಸಂಶೋಧನೆಯ ಅರ್ಧ ಪ್ರಯೋಗಶಾಲೆಯಲ್ಲಿ ನಡೆಯುತ್ತದೆ. ಉಳಿದರ್ಧ ಅವನ ಊರಿನಲ್ಲಿ, ಅವನ ಮನೆಯ ಹೊಸ್ತಿಲಲ್ಲಿ ನಡೆಯಬೇಕು. “ನಿನಗೆ ಎಲ್ಲಿ ನಡೆಯಬೇಕಾಗಿದೆ?” ಎಂಬುದು ಆ ಸಂಶೋಧನೆಯ ಮೊದಲ ಪ್ರಶ್ನೆಯಾಗಬೇಕು.

ನಡಿಗೆಗಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಇಲ್ಲದ ಕಾಲಿನ ನೋವು. ನಡುರಾತ್ರಿ ನಮ್ಮ ಸೈನಿಕನಿಗೆ ಹೋದ ಕಾಲಿನ ಹೆಬ್ಬೆರಳು ಹಿಂಡಿದಂತಾಗುತ್ತಿತ್ತು. ಇದನ್ನು ಯಾರಲ್ಲಿ ಹೇಳಿಕೊಂಡರೂ ತಲೆ ಕೆಟ್ಟಿದೆ ಎಂದಾರು ಎಂಬ ಅಂಜಿಕೆಯಿಂದ ಹೆಂಡತಿಗೂ ಹೇಳಿರಲಿಲ್ಲ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಈ ನೋವನ್ನು ಗುರುತಿಸಿ ಹೆಸರಿಟ್ಟವರು ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯರು. ಕಾಲು ಹೋದರೂ ಮಿದುಳಿನಲ್ಲಿರುವ ಕಾಲಿನ ನಕ್ಷೆ ಅಳಿಯುವುದಿಲ್ಲ. 1990ರ ದಶಕದಲ್ಲಿ, ಚೆನ್ನೈಯಲ್ಲಿ ವೈದ್ಯಶಾಸ್ತ್ರ ಓದಿ ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಅವರು ಇದಕ್ಕೆ ಬಡವನೂ ಬಳಸಬಹುದಾದ ಉಪಾಯವೊಂದನ್ನು ಕಂಡರು. ಇರುವ ಅಂಗದ ಪಕ್ಕಕ್ಕೆ ಕನ್ನಡಿಯನ್ನಿಟ್ಟು ಅದರ ಪ್ರತಿಬಿಂಬವನ್ನು ನೋಡುತ್ತ ಆಡಿಸುವುದು. ಪ್ರತಿಬಿಂಬ ಇಲ್ಲದ ಅಂಗದ ಜಾಗದಲ್ಲಿ ಕಾಣುತ್ತದೆ. ಕಣ್ಣು ಮಿದುಳನ್ನು ಸಮಾಧಾನಪಡಿಸುತ್ತದೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಕೊನೆಯವರೆಗೆ ಉಳಿದವರು 18 ಮಂದಿ ಮಾತ್ರ. ದಿನಕ್ಕೆ 15 ನಿಮಿಷದಂತೆ ನಾಲ್ಕು ವಾರ ಕನ್ನಡಿ ನೋಡಿದ ಆರೂ ಜನರ ನೋವು ತಗ್ಗಿತ್ತು. ಪರೀಕ್ಷೆ ಚಿಕ್ಕದು, ಎಲ್ಲರಿಗೂ ಫಲಿಸುತ್ತದೆಂದು ಅದರಿಂದ ಹೇಳಲಾಗದು. ನಮ್ಮವನು ವೈದ್ಯರನ್ನು ಕೇಳಿ, ಬೀರುವಿನ ಕನ್ನಡಿಯನ್ನು ಬಿಚ್ಚಿಸಿ ಹಾಗೆ ಕುಳಿತು ನೋಡಿದ. ನೋವು ಪೂರ್ತಿ ಹೋಗಲಿಲ್ಲ. ಆದರೆ ತನ್ನಂತೆ ಬೇರೆಯವರಿಗೂ ಹೀಗಾಗುತ್ತದೆ, ಇದಕ್ಕೊಂದು ಹೆಸರಿದೆ ಎಂದು ತಿಳಿದ ದಿನ ಅವನು ಹೆಂಡತಿಯ ಮುಂದೆ ಬಾಯಿಬಿಟ್ಟ. ಅದೇ ಒಂದು ಚಿಕಿತ್ಸೆಯಾಯಿತು.

ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ವಿಜ್ಞಾನಿಗಳೂ ಈ ಕ್ಷೇತ್ರಕ್ಕೆ ಬಂದಿದ್ದಾರೆ. ತಾನೇ ಗತಿಯನ್ನು ಹೊಂದಿಸಿಕೊಳ್ಳುವ ಕೃತಕ ಮೊಣಕಾಲೊಂದನ್ನು ಇಸ್ರೋ ಸಂಸ್ಥೆ 2022ರಲ್ಲಿ ಪ್ರಕಟಪಡಿಸಿತು. ಅದರ ತೂಕ ಸುಮಾರು 1.6 ಕಿಲೋಗ್ರಾಂ; ಅದನ್ನು ಧರಿಸಿದವರೊಬ್ಬರು ಮೊಗಸಾಲೆಯಲ್ಲಿ ಸುಮಾರು 100 ಮೀಟರ್ ನಡೆದರು. ರಕ್ಷಣಾ ಸಂಶೋಧನೆಯ ಹೈದರಾಬಾದಿನ ಪ್ರಯೋಗಾಲಯವೂ ಬೀಬೀನಗರದ ಏಮ್ಸ್ ಸಂಸ್ಥೆಯೂ ಕೂಡಿ ಕಾರ್ಬನ್ ನಾರಿನ ಪಾದವೊಂದನ್ನು 2025ರಲ್ಲಿ ಹೊರತಂದವು. ಹೊರದೇಶದಿಂದ ತರಿಸಿದರೆ ಸುಮಾರು 2 ಲಕ್ಷ ರೂಪಾಯಿ ಬೀಳುವಂಥದು 20,000 ರೂಪಾಯಿಗಳೊಳಗೆ ದೊರೆಯಬಹುದೆಂಬ ನಿರೀಕ್ಷೆಯಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೂ ಮೊಗಸಾಲೆಯ ನೂರು ಮೀಟರನ್ನು ಓದಿದಾಗ ನನ್ನ ಕಣ್ಣ ಮುಂದೆ ಬರುವುದು ಭದ್ರಾ ನಾಲೆಯ ಏರಿಯಿಂದ ಅವನ ಗದ್ದೆಗಿಳಿಯುವ ಇಳಿಜಾರು. ಅಲ್ಲಿಯೂ ಅದು ನಡೆಯಲಿ ಎಂದು ಹಾರೈಸುತ್ತೇನೆ.

ಅವನಿಗೆ ದಾವಣಗೆರೆಯ ಒಂದು ಶಿಬಿರದಲ್ಲಿ ರಬ್ಬರಿನ ಪಾದ ದೊರೆಯಿತು. ಎಲ್ಲ ಸುಖಾಂತವಾಯಿತೆಂದು ನಾನು ಹೇಳುವುದಿಲ್ಲ. ಮೋಟುಗಾಲು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಅದನ್ನು ಹಿಡಿದಿಡುವ ಬಟ್ಟಲು ಸಡಿಲವಾಗುತ್ತದೆ. ಮಳೆಗಾಲದಲ್ಲಿ ಬೆವರು, ತೇವ, ಹುಣ್ಣು. ಪಟ್ಟಿ ಕಿತ್ತರೆ ಚನ್ನಗಿರಿಯ ಚಪ್ಪಲಿ ಹೊಲಿಯುವವರೇ ಗತಿ. ಕೃತಕ ಕಾಲನ್ನು ಒಮ್ಮೆ ಕೊಟ್ಟರೆ ಮುಗಿಯಿತು ಎನ್ನುವಂತಿಲ್ಲ. ಅದಕ್ಕೆ ನೇಗಿಲಿನ ಹಾಗೆ ಮೇಲಿಂದ ಮೇಲೆ ದುರಸ್ತಿ ಬೇಕು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಆ ಕೆಲಸ ಬಲ್ಲವನೊಬ್ಬ ವಾರಕ್ಕೊಂದು ದಿನ ಕುಳಿತರೂ ಎಷ್ಟೋ ಕಾಲುಗಳು ಅಟ್ಟದಿಂದ ಇಳಿದಾವು.

ಆದರೂ ಕಳೆದ ನಾಟಿಯ ಕಾಲದಲ್ಲಿ ಅವನು ಕೋರಿಗೆ ಕೊಟ್ಟ ಗದ್ದೆಯಲ್ಲಿ ಅರ್ಧ ಎಕರೆಯನ್ನು ಬಿಡಿಸಿಕೊಂಡ. ನಾನು ನಾಲೆಯ ಏರಿಯ ಮೇಲೆ ನಿಂತು ನೋಡುತ್ತಿದ್ದೆ. ಪಂಚೆಯನ್ನು ಮೇಲೆತ್ತಿ ಕಟ್ಟಿ, ಮೊದಲು ಎಡಗಾಲಿಟ್ಟು, ಬಲಗಾಲನ್ನು ಬದುವಿನ ಮೇಲೆ ಓರೆಯಾಗಿ ಊರಿ, ಒಂದು ಕ್ಷಣ ತಡೆದು, ಕೆಸರಿಗಿಳಿದ. ನನ್ನನ್ನು ಕಂಡು ಕೂಗಿದ: “ಮೇಷ್ಟ್ರೇ, ಅಲ್ಲೇ ನಿಂತು ಭಾಷಣ ಮಾಡಬೇಡಿ, ಆ ಸಸಿಯ ಕಟ್ಟು ಇತ್ತ ಎಸೆಯಿರಿ!” ಎಸೆದೆ. ಗುರಿ ತಪ್ಪಿ ನೀರಿನಲ್ಲಿ ಬಿದ್ದಿತು. ಅವನೇ ನಡೆದುಹೋಗಿ ಎತ್ತಿಕೊಂಡ.

ವೀರಗಲ್ಲು ಕೆತ್ತಿದ ಶಿಲ್ಪಿಗಳ ಮೇಲೆ ನನಗೆ ದೂರಿಲ್ಲ. ತಮ್ಮ ಕಾಲಕ್ಕೆ ತಿಳಿದ ಗೌರವವನ್ನು ಅವರು ಸಲ್ಲಿಸಿದರು. ನಮ್ಮ ಕಾಲಕ್ಕೆ ಇನ್ನಷ್ಟು ತಿಳಿದಿದೆ. ತಮ್ಮ ಊರಿನಲ್ಲಿಯೂ ಇಂಥವನೊಬ್ಬ ಇದ್ದಾನು. ಬರುವ ಆಗಸ್ಟ್ 15ರಂದು ಅವನನ್ನು ವೇದಿಕೆಗೆ ಕರೆಯುವವರು ಮೊದಲು ಒಂದು ಕುರ್ಚಿಯನ್ನು ಹಾಕಿಸಿ; ಆಮೇಲೆ ಅವನ ಮಾತನ್ನು ಕೇಳಿ.